ಜವರಯ್ಯನವರ ಕೈಬರಹ

ಮಂಡ್ಯ
೩–೧೧–೧೯೪೭, ಸೋಮವಾರ

ಯಜಮಾನರಿಗೆ ಅಂಕಮ್ಮನ ನಮಸ್ಕಾರಗಳು.

ಇತ್ತ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು ಎಂದು ಕೈ ತಾನಾಗಿಯೇ ಹೊರಟಿತು. ಹಿಡಿದು ನಿಲ್ಲಿಸಿದೆ. ನಿಮ್ಮ ಹೆಸರಿನಲ್ಲಿ ಅಮಲ್ದಾರರಿಂದ ಹಿಡಿದು ದಿವಾನರ ಕಚೇರಿಯವರೆಗೆ ಎಷ್ಟು ಕಾಗದ ಬರೆದಿದ್ದೇನೋ ದೇವರಿಗೇ ಗೊತ್ತು. ನನ್ನ ಹೆಸರಿನಲ್ಲಿ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಮದುವೆಯಾಗಿ ಹದಿನಾರು ವರ್ಷದ ಮೇಲೆ ಹೆಂಡತಿ ಗಂಡನಿಗೆ ಮೊದಲ ಕಾಗದ ಬರೆಯುತ್ತಾಳೆಂದರೆ ಯಾರಾದರೂ ನಕ್ಕಾರು. ನಗಲಿ ಬಿಡಿ.

ಇದನ್ನು ಗಫಾರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹೇಳಬೇಕಾದವರೂ ಅವರೇ. ನಿಮಗೆ ರುಜು ಹಾಕುವಷ್ಟರ ಹೊರತು ಓದುಬರಹ ಬರುವುದಿಲ್ಲ ಎನ್ನುವುದು ಗೊತ್ತಿರುವವರು ನನ್ನನ್ನು ಬಿಟ್ಟರೆ ಈ ಸೀಮೆಯಲ್ಲಿ ಅವರೊಬ್ಬರೇ. ಆದರೆ ಅವರಿಗೂ ತಿಳಿಯದ ಸಂಗತಿ ಇದರಲ್ಲಿದೆ. ಆದ್ದರಿಂದ ಅವರ ಸೈಕಲ್ ಅಂಗಡಿಯ ಮುಂದೆ ನಾಲ್ಕು ಜನರ ನಡುವೆ ಬೇಡ, ಗದ್ದೆಯ ಕಡೆ ಹೋಗಿ ಓದಿಸಿಕೊಳ್ಳಿ.

ಇವತ್ತೇ ಯಾಕೆ ಬರೆಯುತ್ತಿದ್ದೇನೆ ಎಂದು ಮೊದಲು ಹೇಳಿಬಿಡುತ್ತೇನೆ. ಹೋದ ವಾರ ನಮ್ಮ ಶಾಲೆಯ ಅಂಗಳದಲ್ಲಿ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಒಬ್ಬಳು ಗೆರೆ ತುಳಿದು, ತಪ್ಪಾಯ್ತು ಕಣ್ರೇ, ಇನ್ನೊಂದ್ಸಲ ಬುಡಿ ಎಂದು ಅಂಗಲಾಚಿದಳು. ಮಿಕ್ಕವರೆಲ್ಲ ಚಪ್ಪಾಳೆ ತಟ್ಟಿ, "ಜವರಯ್ಯ ಆದ್ಲು, ಜವರಯ್ಯ ಆದ್ಲು" ಎಂದು ಕುಣಿದರು. ಎಂಟು ವರ್ಷದ ಮಕ್ಕಳು. ಅವರಿಗೆ ನಾನು ನಿಮ್ಮ ಹೆಂಡತಿ ಎಂದೂ ಗೊತ್ತಿಲ್ಲ, ಜವರಯ್ಯ ಎಂದರೆ ಒಬ್ಬ ಮನುಷ್ಯ ಎಂದೂ ಗೊತ್ತಿಲ್ಲ. ತಪ್ಪಾಯ್ತು ಎಂದು ಕಾಲಿಗೆ ಬೀಳುವುದಕ್ಕೇ ಮಂಡ್ಯದಲ್ಲಿ ಈಗ ಆ ಹೆಸರು. ನಾನು ಗಂಟೆ ಹೊಡೆಸಿ ಒಳಗೆ ಹೋಗಿ ಬೋರ್ಡಿನ ಕಡೆ ಮುಖ ಮಾಡಿಕೊಂಡು ಅತ್ತೆ.

ಇಷ್ಟಕ್ಕೆಲ್ಲ ಮೂಲ ನಾನು. ಅದನ್ನು ಹೇಳುವ ಮೊದಲು ಒಂದಿಷ್ಟು ಹಳೆಯದನ್ನು ನೆನೆಸಿಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾಲಗೆ ಹೊರಳದಿದ್ದಾಗ ನೆನಪು ಒಂದಿಷ್ಟು ಧೈರ್ಯ ಕೊಡುತ್ತದೆ.

ನಾನು ಕೆರಗೋಡಿನಿಂದ ಮದ್ದೂರಿನ ಮನೆಗೆ ಬಂದ ಹೊಸದು. ನಾಲೆಯ ನೀರು ನಮ್ಮ ಕಡೆಗೆ ಆಗತಾನೆ ಹರಿದಿತ್ತು. ಯಾರ ಗದ್ದೆಗೆ ಯಾವ ದಿನ ನೀರು ಎಂದು ಪಾಳಿ ಗೊತ್ತುಮಾಡಿ ನೋಟೀಸು ಬಂತು. ನೀವು ಜಗಲಿಯ ಮೇಲೆ ಕೂತು ಅದನ್ನು ಬಹಳ ಗಂಭೀರವಾಗಿ ನೋಡಿದಿರಿ. ಮುಂದಿನ ಪುಟವನ್ನು ಎಷ್ಟು ಹೊತ್ತು ನೋಡಿದಿರೋ, ಏನೂ ಬರೆದಿರದ ಹಿಂದಿನ ಪುಟವನ್ನೂ ಅಷ್ಟೇ ಹೊತ್ತು ನೋಡಿದಿರಿ. ಏನು ಬರೆದಿದ್ದಾರೆ ಎಂದು ಕೇಳಿದ್ದಕ್ಕೆ, "ಏನಿಲ್ಲ ಕಣಮ್ಮಿ, ಸರ್ಕಾರದೋರು ಎಲ್ಲಾ ಚೆಂದಾಗಿದ್ದೀರಾ ಅಂತ ಕೇಳವ್ರೆ" ಎಂದಿರಿ. ನನಗೆ ನಗು ತಡೆಯಲಾಗಲಿಲ್ಲ. ನಿಮಗೆ ಸಿಟ್ಟು ಬಂತು. ಆಮೇಲೆ ನೀವೂ ನಕ್ಕಿರಿ. ನಾನು ನಿಮ್ಮನ್ನು ಮೆಚ್ಚಿಕೊಂಡದ್ದು ಆ ನಗುವಿನಿಂದಲೇ ಹೊರತು ತಾಳಿಯಿಂದ ಅಲ್ಲ.

ಓದಿ ನೋಡಿದರೆ ನಮ್ಮ ಕೆರೆ ಕೆಳಗಿನ ಹನ್ನೊಂದು ಮನೆಯವರ ಹೆಸರೇ ಪಾಳಿಯಲ್ಲಿ ಬಿಟ್ಟುಹೋಗಿತ್ತು. ಅವತ್ತು ಸಂಜೆ ನೀವು ಜಗಲಿಯ ಮೇಲೆ ಅತ್ತಿಂದಿತ್ತ ತಿರುಗುತ್ತ ಹೇಳಿದಿರಿ, ನಾನು ಬರೆದೆ. "ತೂಬು ಇರೋದು ತಗ್ಗಲ್ಲಿ, ಗದ್ದೆ ಇರೋದು ದಿಬ್ಬದ ಮ್ಯಾಲೆ. ನೀರೇನು ಏಣಿ ಆಕ್ಕಂಡು ಅತ್ತಿ ಬಂದದಾ ಕೇಳು ಆ ಇಂಜಿನಿಯರಪ್ಪನ್ನ" ಎಂದಿರಿ. ನಾನು, ತೂಬಿನ ಮಟ್ಟವು ಗದ್ದೆಗಳ ಮಟ್ಟಕ್ಕಿಂತ ಕೆಳಗಿರುವುದನ್ನು ಘನ ಸರ್ಕಾರದವರು ದಯಮಾಡಿ ಪರಾಂಬರಿಸಬೇಕು ಎಂದು ಬರೆದೆ. ಓದಿ ಹೇಳಿದಾಗ, "ನಾನು ಯೋಳಿದ್ದು ಇದೇನಾ?" ಎಂದು ಬೆರಗಾದಿರಿ. ಇದೇ ಎಂದೆ. ಹದಿನೈದು ದಿನಕ್ಕೆ ಓವರ್ಸಿಯರು ಬಂದು ತೂಬು ಎತ್ತಿ ಕೂರಿಸಿಹೋದ.

ಅಲ್ಲಿಂದ ಶುರುವಾಯಿತು. ಬೆಸಗರಹಳ್ಳಿಯವರು ಬಂದರು, ಮಳವಳ್ಳಿ ಕಡೆಯವರು ಬಂದರು. ಹೇಳುವುದು ನೀವು, ಬರೆಯುವುದು ನಾನು. ನಿಮ್ಮ ರುಜು ಹಾಕುವುದೂ ನಾನೇ. ನೀವು ಹಾಕಿದರೆ ಜ ಒಂದು ಊರಿನಲ್ಲಿ, ಯ್ಯ ಇನ್ನೊಂದು ಊರಿನಲ್ಲಿ. ಜವರಯ್ಯನವರ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಅಮಲ್ದಾರರು ಕಚೇರಿಯಲ್ಲಿ ಹೊಗಳಿದರಂತೆ. ನೀವು ಮನೆಗೆ ಬಂದು, "ನಿನ್ನ ಗಂಡನ ಅಕ್ಸರ ಬಲೇ ಚೆಂದಾಗದಂತೆ ಕಣಮ್ಮಿ" ಎಂದು ನನ್ನನ್ನೇ ರೇಗಿಸಿದಿರಿ. ನನ್ನ ಅತ್ತೆ ಚಿಕ್ಕಬೋರಮ್ಮನವರಂತೂ ಮಗ ಸ್ವಂತ ಕೈಯಲ್ಲೇ ಬರೆಯುತ್ತಾನೆ ಎಂದು ಸಾಯುವವರೆಗೂ ನಂಬಿದ್ದರು. ಸೊಸೆ ಪಕ್ಕದಲ್ಲಿ ಮಸಿ ಕುಡಿಕೆ ಹಿಡಿದುಕೊಂಡು ಕೂರುತ್ತಾಳೆ, ಅಷ್ಟೇ.

ನಾವು ಯಾರಿಗೂ ಮೋಸ ಮಾಡಬೇಕೆಂದು ಹೊರಟವರಲ್ಲ. ಮೊದಲನೆಯ ದಿನವೇ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಆಮೇಲೆ ಹೇಳಿದರೆ ನಗೆಪಾಟಲು ಎನ್ನುವಷ್ಟು ನೀವು ದೊಡ್ಡವರಾಗಿಬಿಟ್ಟಿದ್ದಿರಿ.

ಶಿವಪುರದಲ್ಲಿ ಬಾವುಟ ಹಾರಿಸಿದ ವರ್ಷ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೂವತ್ತೆಂಟರ ಬೇಸಿಗೆ. ಅತ್ತೆಯೂ ನಾನೂ ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೋಗಿ ಹೊಂಗೆ ಮರದ ಕೆಳಗೆ ಕೂತಿದ್ದೆವು. ಆ ಜನ, ಆ ಧೂಳು! ನೀವು ಸಂಜೆ ಬಂದಾಗ ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ. ಆದರೂ ಅವತ್ತು ಯಾರು ಯಾರು ಏನು ಮಾತನಾಡಿದರು ಎನ್ನುವುದನ್ನು ಒಂದಕ್ಷರ ಬಿಡದೆ ಪಿಸುಗುಟ್ಟಿ ನನಗೆ ಬರೆಸಿದಿರಿ. ನಿಮ್ಮ ನೆನಪಿನ ಶಕ್ತಿ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಓದು ಬಾರದವರಿಗೆ ದೇವರು ಅದೊಂದನ್ನು ಧಾರಾಳವಾಗಿ ಕೊಡುತ್ತಾನೋ ಏನೋ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಮತ್ತೆ ಬರಲಿಲ್ಲ. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ಭಾಷಣವನ್ನೂ ಹಾಗೆಯೇ ಕಲಿಯುತ್ತಿದ್ದಿರಿ. ನೀವು ಹಸು ಕರೆಯುವಾಗ ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎರಡು ಸಲ ಓದಿದರೆ ಮುಗಿಯಿತು. ಸಭೆಯಲ್ಲಿ ಹಾಳೆ ಹಿಡಿದುಕೊಂಡು ಓದುವವರಂತೆ ನಟಿಸುತ್ತಿದ್ದಿರಿ. ಯಾವ ಮಾತಿಗೆ ಹಾಳೆ ತಿರುವಬೇಕು ಎಂದು ಗೊತ್ತಾಗಲಿ ಎಂದು ಆ ಮಾತನ್ನು ನಾನು ಜೋರಾಗಿ ಓದುತ್ತಿದ್ದೆ. ಒಮ್ಮೆ ಮಂಡ್ಯದಲ್ಲಿ ಮೂರೂ ಹಾಳೆ ಗಾಳಿಗೆ ಹಾರಿಹೋದರೂ ನೀವು ತಡವರಿಸದೆ ಕೊನೆಯವರೆಗೆ ಮಾತನಾಡಿದಿರಿ. ಜನ ಬೆರಗಾಗಿ ಚಪ್ಪಾಳೆ ಹೊಡೆದರು.

ಇನ್ನು ಕಷ್ಟದ ಭಾಗ.

ಮೂವತ್ತೊಂಬತ್ತರ ಕಾರ್ತಿಕದಲ್ಲಿ ಅಪ್ಪಣೆ ಮೀರಿ ಮಳವಳ್ಳಿಯಲ್ಲಿ ಸಭೆ ಮಾಡಿದ್ದಕ್ಕೆ ನಿಮ್ಮನ್ನು ಹಿಡಿದರು. ಒಂದು ವರ್ಷ ಸಜೆ, ಮೈಸೂರು ಜೈಲು. ಎರಡು ತಿಂಗಳಾದ ಮೇಲೆ ನಾನು ರೈಲಿನಲ್ಲಿ ಬಂದು ನೋಡಿದೆನಲ್ಲ, ಆ ದಿನವನ್ನು ಮರೆಯಬೇಕೆಂದರೂ ಮರೆಯಲಾರೆ. ಕಾಮಾಲೆಯಾಗಿ ನಿಮ್ಮ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಭುಜದ ಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ನೀವು ಮಾತ್ರ ಎಂದಿನ ಹಾಗೆ, "ಏನೂ ಆಗಿಲ್ಲ ಕಣಮ್ಮಿ, ಮುದ್ದೆ ಮಾತ್ರ ಕಲ್ಲಂಗೆ ಮಾಡ್ತಾರೆ ನನ್ ಮಕ್ಳು" ಎಂದು ನಗಿಸಲು ನೋಡಿದಿರಿ. ಕ್ಷಮೆ ಕೇಳಿ ಬರೆದುಕೊಟ್ಟವರನ್ನು ಬಿಡುತ್ತಿದ್ದಾರಂತಲ್ಲ ಎಂದು ನಾನು ಕೇಳಿದೆ. "ಕೇಳೋರು ಕೇಳ್ಕಂಡು ಓಯ್ತಾವ್ರೆ. ನಾನು ಕೇಳಾಕಿಲ್ಲ" ಎಂದಿರಿ. ನಾನು ಎದ್ದು ಬಂದೆ.

ಮನೆಗೆ ಬಂದವಳು ಮೂರು ದಿನ ಹಾಳೆ ಮುಟ್ಟಲಿಲ್ಲ. ನಾಲ್ಕನೆಯ ದಿನ ಹಾಳೆ ತೆಗೆದುಕೊಂಡು ಬರೆದೆ. ಮಳವಳ್ಳಿ ಸಭೆಯಲ್ಲಿ ನಡೆದುಕೊಂಡದ್ದಕ್ಕೆ ಪಶ್ಚಾತ್ತಾಪಪಡುತ್ತೇನೆ, ಇನ್ನು ಮುಂದೆ ಇಂಥದ್ದರಲ್ಲಿ ಸೇರುವುದಿಲ್ಲ, ಘನ ಸರ್ಕಾರದವರು ಕ್ಷಮಿಸಿ ಬಿಡುಗಡೆ ಮಾಡಬೇಕು. ಕೆಳಗೆ ನಿಮ್ಮ ರುಜು. ಎಂಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆಯಿತು. ಅಮಲ್ದಾರರ ಕಚೇರಿಗೆ ನಾನೇ ಹೋಗಿ, ಯಜಮಾನರು ಜೈಲಿನಿಂದ ಕಳಿಸಿದ್ದಾರೆ ಎಂದು ಸುಳ್ಳು ಹೇಳಿ ಕೊಟ್ಟೆ. ಅವರು ಅಕ್ಷರ ನೋಡಿದರು, ಜವರಯ್ಯನದೇ ಎಂದರು, ತೆಗೆದಿಟ್ಟುಕೊಂಡರು. ಶಿವರಾತ್ರಿಗೆ ಮೊದಲೇ ನಿಮ್ಮನ್ನು ಬಿಟ್ಟರು.

ಅತ್ತೆಗೆ ಹುಷಾರಿರಲಿಲ್ಲ, ಗದ್ದೆ ಕುಯ್ಯುವವರಿರಲಿಲ್ಲ ಎಂದೆಲ್ಲ ನೆಪ ಹೇಳಬಹುದು. ಯಾವುದೂ ಅಲ್ಲ. ನನಗೆ ನೀವು ಬೇಕಾಗಿತ್ತು. ಇಪ್ಪತ್ತಾರು ವರ್ಷ ನನಗೆ, ಮಡಿಲಲ್ಲಿ ಮಗುವಿಲ್ಲ. ದೇಶ ಆಮೇಲೆ ಬಂದರೂ ಆದೀತು, ಗಂಡ ಬದುಕಿ ಬರಲಿ ಎಂದುಕೊಂಡೆ. ತಪ್ಪು ಎಂದು ಆಗಲೂ ಗೊತ್ತಿತ್ತು.

ಜನಕ್ಕೆ ಇದೇನೂ ತಿಳಿಯದು. ಪ್ರಜೆಗಳಿಗೆ ಹೆದರಿ ಸರ್ಕಾರ ನಿಮ್ಮನ್ನು ಬಿಟ್ಟಿತು ಎಂದುಕೊಂಡರು. ಮದ್ದೂರು ರೈಲ್ವೆ ಸ್ಟೇಷನ್ನಿನಿಂದ ಮನೆಯವರೆಗೆ ಮೆರವಣಿಗೆ. ಹಾರದೊಳಗೆ ನಿಮ್ಮ ಮುಖವೇ ಕಾಣುತ್ತಿರಲಿಲ್ಲ. ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನಿಮ್ಮ ಪಾದ ನೋಡಿದೆ, ಮೇಲೆ ನೋಡಲಿಲ್ಲ. ನೀವೂ ನನ್ನನ್ನು ನೋಡಲಿಲ್ಲ.

ಅವತ್ತಿನಿಂದ ನೀವು ಬದಲಾದಿರಿ. ಹೇಳಿ ಬರೆಸುವಾಗ ಜಗಲಿಯ ಮೇಲೆ ತಿರುಗುವುದು ಹೋಯಿತು. ಗೋಡೆಯ ಕಡೆ ಮುಖ ಮಾಡಿ ಕೂತು ಹೇಳುವಿರಿ, ಮುಗಿದ ಕೂಡಲೇ ಎದ್ದುಹೋಗುವಿರಿ. ರೇಗಿಸುವುದಿಲ್ಲ, ನಗುವುದಿಲ್ಲ. ನಿಮಗೆ ಗುಮಾನಿ ಬಂದಿದೆ, ನನ್ನನ್ನು ಕ್ಷಮಿಸಿಲ್ಲ ಎಂದು ನಾನು ಅರ್ಥಮಾಡಿಕೊಂಡೆ. ಕೇಳುವ ಧೈರ್ಯವಿರಲಿಲ್ಲ. ನಲವತ್ತೊಂದರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಗೆದ್ದಿರಿ. ಮನೆ ತುಂಬ ಜನ, ಒಲೆ ಆರುತ್ತಿರಲಿಲ್ಲ. ದಸರಾ ಅಧಿವೇಶನಕ್ಕೆ ಜರಿ ಪೇಟ ಸುತ್ತಿಕೊಂಡು ಮೈಸೂರಿಗೆ ಹೊರಟಾಗ ಊರೇ ಬಂದು ನಿಂತಿತ್ತು. ನೀವು ಗೆದ್ದಷ್ಟೂ ನನಗೆ ಭಯವಾಗುತ್ತಿತ್ತು. ನಿಮ್ಮ ಮುಂದಿನ ಪ್ರತಿಯೊಂದು ಮೆಟ್ಟಿಲ ಕೆಳಗೂ ನನ್ನ ಆ ಒಂದು ಹಾಳೆ ಇತ್ತು.

ಅತ್ತೆ ತೀರಿಕೊಂಡ ಮರುವರ್ಷ ನಾನು ಮಂಡ್ಯಕ್ಕೆ ಬಂದು ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ಜವರಯ್ಯನವರ ಹೆಂಡತಿ ದೇಶಸೇವೆಗೆಂದು ಪಾಠ ಹೇಳುತ್ತಾಳೆ ಎಂದು ಜನ ಅಂದುಕೊಂಡರು. ನೀವು ತಡೆಯಲಿಲ್ಲ. ತಡೆದಿದ್ದರೆ ನಿಲ್ಲುತ್ತಿದ್ದೆ. ಮನೆ ಬಿಟ್ಟೆನೇ ಹೊರತು ಬರವಣಿಗೆ ಬಿಡಲಿಲ್ಲ. ವಾರಕ್ಕೊಮ್ಮೆ ಗಫಾರಣ್ಣ ನಿಮ್ಮ ಮಾತನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬರುತ್ತಿದ್ದರು. ನಡುಮನೆಯಲ್ಲಿ ಕೂತು, "ಅಯ್ಯನೋರು ಇಂಗಂದ್ರು ಕಣಕ್ಕ" ಎಂದು ಒಪ್ಪಿಸುತ್ತಿದ್ದರು. ನಾನು ಬರೆದು ನಿಮ್ಮ ರುಜು ಹಾಕಿ ಕೊಡುತ್ತಿದ್ದೆ. ಅಷ್ಟು ಮಾತಿನಲ್ಲಿ ನನಗೆಂದು ಒಂದು ಮಾತಾದರೂ ಇರುತ್ತದೆಯೇ ಎಂದು ಕಾದು ಕೇಳುತ್ತಿದ್ದೆ. ಒಮ್ಮೆ ಮಾತ್ರ, ಚಳಿ ಜಾಸ್ತಿ, ಕಂಬಳಿ ಇದೆಯಾ ಎಂದು ಕೇಳಿದ್ದಿರಿ.

ಈ ವರ್ಷ ಜುಲೈ ತಿಂಗಳಲ್ಲಿ ನಡೆದ ಆ ಸಭೆಗೆ ಬರೋಣ. ಜವಾಬ್ದಾರಿ ಸರ್ಕಾರ ಬಂದರೆ ನಮ್ಮ ಜಿಲ್ಲೆಯಿಂದ ಯಾರು ಮುಂದೆ ನಿಲ್ಲಬೇಕು ಎನ್ನುವ ಮಾತು. ಎಲ್ಲರ ಬಾಯಲ್ಲೂ ನಿಮ್ಮದೇ ಹೆಸರು. ಪ್ರಾರ್ಥನೆ ಹೇಳಲು ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ನಾನೂ ಬಂದಿದ್ದೆ, ನಿಮಗೆ ನೆನಪಿರಬಹುದು. ವಕೀಲ ಸಿದ್ದರಾಜು ಎದ್ದು ನಿಂತು ಜೇಬಿನಿಂದ ಹಾಳೆ ತೆಗೆದ. ಎಲ್ಲಿಂದ ಸಿಕ್ಕಿತೋ ಅವನಿಗೆ. ಅವನು ಮೊದಲ ಸಾಲು ಓದಿದಾಗಲೇ ಅದು ನಾನು ಬರೆದ ಕ್ಷಮಾಪಣೆ ಎಂದು ತಿಳಿಯಿತು. ಹಿರಿಯರು ಮೂವರು ನಿಮ್ಮ ಹಳೆಯ ನಾಲೆ ಅರ್ಜಿಗಳನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಅದೇ ಅಕ್ಷರ, ಅದೇ ರುಜು. ಹೊಂದದೇ ಇರುತ್ತದೆಯೇ? ಒಂದೇ ಕೈ.

ಇದು ನಿಮ್ಮದೇನಯ್ಯ ಎಂದು ಕರಿಯಪ್ಪನವರು ಕೇಳಿದರು. ಹಿರಿಯರು ಮೂವರಲ್ಲಿ ಅವರೇ ನಿಮಗೆ ಹತ್ತಿರದವರು. ಅಲ್ಲ ಎನ್ನಲಿ ಎಂದು ಅವರ ಕಣ್ಣು ಬೇಡುತ್ತಿತ್ತು. ನೀವು ಹಾಳೆಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. "ನಂದೇಯ" ಎಂದಿರಿ. ಶಲ್ಯ ಹೆಗಲಿಗೆ ಹಾಕಿಕೊಂಡು ಹೆಂಗಸರು ಕೂತಿದ್ದ ಸಾಲಿನ ಪಕ್ಕದಿಂದಲೇ ನಡೆದುಹೋದಿರಿ. ನಾನು ಎದ್ದು, ಅದು ನನ್ನದು ಎಂದು ಹೇಳಬೇಕಿತ್ತು. ಅರ್ಧ ಎದ್ದೆ. ಪಕ್ಕದಲ್ಲಿ ನಮ್ಮ ಹೆಡ್ಮಿಸ್ಟ್ರೆಸ್ ಕೂತಿದ್ದರು. ಕೆಲಸ ಹೋಗುತ್ತದೆ, ಕಳ್ಳ ರುಜುವಿಗೆ ಜೈಲೂ ಆದೀತು ಎನಿಸಿತು. ಮತ್ತೆ ಕೂತೆ. ನಿಮಗೆ ಬಂದ ಅಪವಾದಕ್ಕಿಂತ ನಾನು ಹಾಗೆ ಕೂತದ್ದೇ ನನಗೆ ಹೆಚ್ಚು ಸುಡುತ್ತದೆ.

ಅವತ್ತಿಗೆ ನಿಮಗೆ ಎಲ್ಲ ತಿಳಿದಿರಲೇಬೇಕು. ನೀವು ಬರೆದಿಲ್ಲವೆಂದ ಮೇಲೆ ಬರೆದವರು ಯಾರು ಎಂದು ಹೇಳಲು ಜೋಯಿಸರು ಬೇಕೆ? ಆದರೂ ನನ್ನ ಹೆಸರು ಎತ್ತಲಿಲ್ಲ. ಹದಿನೈದು ವರ್ಷ ದುಡಿದು ಕಟ್ಟಿದ ಹೆಸರನ್ನು ನನ್ನ ಕೆಲಸ ಉಳಿಸಲು ನಡುಬೀದಿಯಲ್ಲಿ ಚೆಲ್ಲಿ ಹೋದಿರಿ. ಆಗಸ್ಟ್ ಹದಿನೈದಕ್ಕೆ ಮದ್ದೂರಿನಲ್ಲಿ ಬಾವುಟ ಹಾರಿಸುವಾಗ ನೀವು ಬಂದಿರಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಎಲ್ಲರೂ ಮೈಸೂರಿಗೆ ಹೊರಟಾಗ ನೀವು ಕೊನೆಯ ಸಾಲಿನಲ್ಲಿ ಸುಮ್ಮನೆ ನಡೆದಿರಂತೆ, ಪಕ್ಕದವನು ಗುರುತು ಹಿಡಿದು ದೂರ ಸರಿದನಂತೆ. ಗಫಾರಣ್ಣ ಹೇಳಿ ಕಣ್ಣೊರೆಸಿಕೊಂಡರು. ಈಗ ಹೊಸ ಮಂತ್ರಿಗಳು ಬಂದಿದ್ದಾರೆ. ಅವರ ನಡುವೆ ಇರಬೇಕಾದವರು ನೀವು ಕಳೆ ಕೀಳುತ್ತಿದ್ದೀರಿ.

ನನ್ನಿಂದ ಇನ್ನು ಆಗುವುದಿಲ್ಲ. ಬರುವ ಹದಿನಾಲ್ಕನೆಯ ತಾರೀಕು, ದೀಪಾವಳಿ ಕಳೆದ ಶುಕ್ರವಾರ, ಆ ಮೂವರು ಹಿರಿಯರು ಮಂಡ್ಯದಲ್ಲಿ ಮತ್ತೆ ಸೇರುತ್ತಾರೆ. ನಾನು ಹೋಗಿ, ಅವರ ಎದುರಿಗೇ ಹಾಳೆ ಇಟ್ಟುಕೊಂಡು, ಆ ಕ್ಷಮಾಪಣೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆದು ತೋರಿಸುತ್ತೇನೆ. ನೋಡಲಿ. ನನ್ನ ಕೆಲಸ ಹೋಗಲಿ. ಆದರೆ ಜವರಯ್ಯನಿಗೆ ಬರೆಯಲು ಬರುವುದಿಲ್ಲ, ಇಷ್ಟು ವರ್ಷ ಬರೆದದ್ದೆಲ್ಲ ಹೆಂಡತಿ ಎನ್ನುವುದೂ ಅದರ ಜೊತೆಗೇ ಬಯಲಾಗುತ್ತದೆ. ಹೇಡಿ ಎನ್ನುವ ಬದಲು ಜನ ನಿಮ್ಮನ್ನು ನೋಡಿ ನಕ್ಕಾರು. ಅದು ನಿಮಗೆ ಒಪ್ಪಿಗೆಯೇ ಎಂದು ಕೇಳಲು ಈ ಕಾಗದ. ಹಬ್ಬದೊಳಗೆ ಒಂದು ಮಾತು ಗಫಾರಣ್ಣನ ಕೈಯಲ್ಲಿ ಹೇಳಿಕಳಿಸಿ. ಹೂಂ ಎಂದರೆ ಸಾಕು.

ಹೇಳಿಕಳಿಸದಿದ್ದರೂ ಬಹುಶಃ ಹೋಗುತ್ತೇನೆ.

ನಿಮ್ಮ,
ಅಂಕಮ್ಮ

ತಾ.ಕ.: ರುಜು ಹಾಕುವಾಗ ಅಭ್ಯಾಸಬಲದಿಂದ ಮೊದಲು ನಿಮ್ಮ ಹೆಸರೇ ಬಂತು. ಆ ಹಾಳೆ ಹರಿದು ಇದನ್ನು ಮತ್ತೆ ಬರೆದಿದ್ದೇನೆ.

❖

ಮದ್ದೂರು
೯–೧೧–೪೭, ಬಾನುವಾರ

ಅಂಕಮ್ಮನಿಗೆ ಜವರಯ್ಯ ಬರ್ಕೊಳ್ಳೋದು.

ನಿನ್ನ ಕಾಗ್ದ ಮಂಗಳವಾರ ಬಂತು. ಗಫಾರನ ಕೈಲಿ ಓದುಸ್ಲಿಲ್ಲ. ನಾನೇ ಓದ್ದೆ. ಓದಿ ಮುಗ್ಸಾಕೆ ನಾಕು ದಿನ ಆಯ್ತು. ಕೆಲವು ಮಾತು ಬುಟ್ಟೋದೊ, ಮತ್ತೆ ಮೊದಲಿಂದ ಓದ್ದೆ. ಇದೂ ನಾನೇ ಬರೀತಿರೋದು. ನಗಬ್ಯಾಡ. ಆಗಸ್ಟು ತಿಂಗಳಿಂದ ಶಿವಯ್ಯ ಮೇಷ್ಟ್ರ ಮನೆಗೆ ಓಯ್ತಾ ಇವ್ನಿ. ಅವರಿಗೀಗ ಕೆಲಸ ಇಲ್ಲ, ನಂಗೂ ಇಲ್ಲ. ಸ್ಲೇಟು ಹಿಡ್ಕಂಡು ಕೂತ್ಕಂಡ್ರೆ ಅವರ ಹೆಂಡ್ರು ಸೆರಗು ಮುಚ್ಕಂಡು ನಗ್ತಾರೆ. ನಲವತ್ತು ವರ್ಷದ ಕತ್ತೆ ಅಂತ ಮೇಷ್ಟ್ರು ಬೈದ್ರು. ಬೈಯಲಿ ಬುಡು. ನಿನ್ನಂಗೆ ಪುಸ್ತಕದ ಮಾತು ಬರಾಕಿಲ್ಲ, ಬಾಯಿಗೆ ಬಂದಂಗೆ ಬರೀತೀನಿ.

ತೂಬಿನ ವಿಸ್ಯ ಬರ್ದಿದ್ದೀಯಲ್ಲ, ಅದ್ನ ಎಲ್ಡು ಸಲ ಓದ್ದೆ. ಆ ಇಂಜಿನಿಯರು ಇನ್ನೂ ಅವ್ನೆ. ಮೊನ್ನೆ ಸಂತೇಲಿ ಸಿಕ್ಕಿ ನಮಸ್ಕಾರ ಅಂದ. ಅವನೊಬ್ನೇ ಅಂದಿದ್ದು. ಶಿವಪುರದಲ್ಲಿ ನೀನು ಕಟ್ಟಿದ್ದ ಬುತ್ತಿ ಉಳ್ಳೀಕಾಳಿನ ಪಲ್ಯ, ಅದ್ನ ನೀನು ಬರ್ದಿಲ್ಲ. ನಂಗೆ ಗೆಪ್ತಿ ಅದೆ.

ನೀನು ಆ ಹಿರೀಕರ ತಾವಕ್ಕೆ ಓಗಬ್ಯಾಡ. ಅವತ್ತು ನಂದೇಯ ಅಂತ ಯಾಕಂದೆ ಅಂದ್ರೆ ನಿನ್ನ ಕೆಲಸ ಓಯ್ತಿತ್ತು. ನಿನ್ನ ಮ್ಯಾಲೆ ಕೇಸು ಆಯ್ತಿತ್ತು. ಗಂಡ ಅಂದ ಮ್ಯಾಲೆ ಅಷ್ಟು ಮಾಡ್ಬೇಕು. ನೀನು ಮಕ್ಕಳಿಗೆ ಪಾಠ ಯೋಳ್ಕಂಡು ನೆಮ್ಮದಿಯಾಗಿರು. ಆ ಉಡ್ಗೀರ್ನ ಒಡೀಬ್ಯಾಡ, ಆಟ ಆಡ್ಕಳ್ಳಿ. ನನ್ನ ಎಸರು ಏನಾದ್ರೂ ಆಗ್ಲಿ, ಕಳೆ ಕಿತ್ರೆ ಬತ್ತ ಚೆನ್ನಾಗಿ ಬತ್ತದೆ.

ಇಂತಿ,
ಜವರಯ್ಯ

ತಾ.ಕ.: ರುಜು ಆದ ಮ್ಯಾಲೆ ಏನಾದ್ರೂ ಮರ್ತಿದ್ರೆ ಇಂಗೆ ಆಕಿ ಬರೀಬೌದು ಅಂತ ಮೇಷ್ಟ್ರು ಯೋಳ್ಕೊಟ್ರು. ನಾನು ಮರ್ತಿರಲಿಲ್ಲ. ರುಜು ಆಕೋಗಂಟ ಧೈರ್ಯ ಬರಲಿಲ್ಲ.

ಮ್ಯಾಲೆ ಬರ್ದಿರೋದು ನಿಜ ಅಲ್ಲ. ನೀನು ಬರ್ದಿದ್ದ ಹಾಳೆ ನೋಡಿ ಸುಮ್ನೆ ಬುಟ್ರು ಅಂತ ತಿಳ್ಕಂಡಿದ್ದೀಯ. ಸರ್ಕಾರ ಅಂಗೆ ಬುಡ್ತದಾ ಅಮ್ಮಿ? ಜೇಲಿನ ದೊಡ್ಡ ಸಾಯೇಬ್ರು ನನ್ನ ಕರ್ಸುದ್ರು. ನಿಲ್ಲಿಸ್ಕಂಡು ಪೂರ್ತಿ ಓದಿ ಯೋಳುದ್ರು. ಮೊದಲ್ನೇ ಸಾಲಿಗೇ ಗೊತ್ತಾಯ್ತು, ನಿನ್ನ ಮಾತು ನಂಗೆ ಗೊತ್ತಾಗಾಕಿಲ್ವಾ. ಇದು ನಿಂದೇನಾ, ಅಲ್ಲಾಂದ್ರೆ ಹರಿದಾಕ್ತೀನಿ ಅಂದ್ರು. ಅಲ್ಲ ಅನ್ಬೌದಿತ್ತು. ಅನ್ನಾಕೇ ಬಾಯಿ ತೆಗ್ದೆ. ಮೈಯೆಲ್ಲ ನೋಯ್ತಿತ್ತು, ಅವತ್ತು ಬೆಳಿಗ್ಗೆ ನಮ್ಮ ಸಾಲಿನಲ್ಲಿ ಒಬ್ಬ ಸತ್ತೋಗಿದ್ದ. ನಂದೇಯ ಅಂದೆ. ಬುಕ್ಕಿಗೆ ರುಜು ಆಕು ಅಂದ್ರು. ಆಕಿದೆ. ಅದು ನನ್ನ ಸೊಟ್ಟ ರುಜು, ನಿಂದಲ್ಲ. ಆ ಬುಕ್ಕ ಇನ್ನೂ ಯಾರೂ ತೆಗ್ದು ನೋಡಿಲ್ಲ.

ನಿಂಗೆ ಕೇಳಾಕಿಲ್ಲ ಅಂತ ಅಷ್ಟು ಜಂಬವಾಗಿ ಯೋಳಿದ್ನಲ್ಲ. ಅದಕ್ಕೇ ಮನೆಗೆ ಬಂದು ಗ್ವಾಡೆ ಕಡೆ ತಿರುಗಿ ಕೂತ್ಕಳ್ತಿದ್ದೆ. ನಿನ್ನ ಮ್ಯಾಲಿನ ಕ್ವಾಪಕ್ಕಲ್ಲ, ನನ್ನ ಮಖ ನೋಡಿದ್ರೆ ನಿಂಗೆ ಗೊತ್ತಾಗೋಯ್ತದೆ ಅಂತ. ಎಂಟು ವರ್ಷ ತಪ್ಪೆಲ್ಲ ನಿಂದೇ ಅಂತ ನೀನು ಅಳ್ತಾ ಇದ್ಯಲ್ಲ, ಅದು ತಿಳಿದ ಮ್ಯಾಲೆ ನಂಗೆ ಅನ್ನ ಸೇರ್ತಾ ಇಲ್ಲ. ಮಂಡ್ಯಕ್ಕೆ ಬಂದು ಬಾಯಲ್ಲೇ ಯೋಳ್ಬೇಕು ಅಂತಿದ್ದೆ, ಕಾಲು ಬರಲಿಲ್ಲ.

ಜುಲೈನಲ್ಲಿ ಮೂರು ಜನ ಹಿರೀಕರ ಮುಂದೆ ನಂದೇಯ ಅಂದ್ನಲ್ಲ, ಅವತ್ತು ನಾನು ನಿನ್ನ ಕಾಪಾಡ್ಲಿಲ್ಲ ಅಂಕಮ್ಮ. ನಿಜ ಯೋಳ್ದೆ, ಅಷ್ಟೇಯ.